ಹಂದಿಮರಿಗೆ ಚೀಟಿ ಬೇಕಿಲ್ಲ

ಖಾದಿ ತೊಟ್ಟ ತಪ್ಪಿಗೆ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಕೈತಪ್ಪಿ, ಅದಕ್ಕಿಂತ ಕೆಳದರ್ಜೆಯ ಎಲ್.ಎಂ.ಎಸ್. ಹಿಡಿದು ಹೊರಬಿದ್ದವರು ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕಕ್ಕೆ ಹೋಗಿ ಲೆಡರ್ಲೆ ಕಂಪನಿಯ ಸಂಶೋಧನಾ ಮುಖ್ಯಸ್ಥರಾದರು. ಆರಿಯೋಮೈಸಿನ್ ಎಂಬ ಆಂಟಿಬಯಾಟಿಕ್ ಹುಟ್ಟಿದ್ದು ಅವರ ಉಸ್ತುವಾರಿಯಲ್ಲೇ. 1948ರಲ್ಲಿ ಅವರು ತೀರಿಕೊಂಡರು. ಮುಂದಾದದ್ದನ್ನು ನೋಡದೆ ಹೋದದ್ದು ಅವರ ಪುಣ್ಯ.

ಆ ಔಷಧಿ ತೆಗೆದು ಉಳಿದ ಚರಟದಲ್ಲಿ ಬಿ12 ವಿಟಮಿನ್ ಇದ್ದೀತೆಂದು ಅದೇ ಕಂಪನಿಯ ಜ್ಯೂಕ್ಸ್ ಮತ್ತು ಸ್ಟೋಕ್‌ಸ್ಟಡ್ ಅದನ್ನು ಕೋಳಿಮರಿಗಳಿಗೆ ತಿನ್ನಿಸಿದರು. ಮರಿಗಳು ಲೆಕ್ಕ ಮೀರಿ ಬೆಳೆದವು; ಚರಟದಲ್ಲಿ ಉಳಿದಿದ್ದ ಔಷಧಿಯ ಮಹಿಮೆ. ಹಂದಿಮರಿಗಳೂ ಅಷ್ಟೆ. ಔಷಧಿ ತಿನ್ನಲು ರೋಗ ಬರಬೇಕೆಂಬ ಹಳೇ ಕಾಲದ ಮಡಿವಂತಿಕೆ ಅಲ್ಲಿಗೆ ಮುಗಿಯಿತು.

ಮೊಲೆ ಬಿಡಿಸಿದ ಹಂದಿಮರಿಯನ್ನು ಗೊತ್ತಿಲ್ಲದ ಮರಿಗಳ ಜೊತೆ ಇಕ್ಕಟ್ಟಿನ ದೊಡ್ಡಿಗೆ ತಳ್ಳಿದರೆ ಅದೇ ವಾರ ಭೇದಿ ಹಿಡಿಯುತ್ತದೆ, ಮೈ ಇಳಿಯುತ್ತದೆ. ದೊಡ್ಡಿ ಗುಡಿಸಬಹುದು, ಜಾಗ ಕೊಡಬಹುದು, ಮೊಲೆ ಬಿಡಿಸುವುದನ್ನು ತಡ ಮಾಡಬಹುದು. ಅದಕ್ಕೆಲ್ಲ ಆಳು ಬೇಕು, ಕೂಲಿ ಬೇಕು. ಮೇವಿಗೆ ಬೆರೆಸುವ ಔಷಧಿ ಪುಡಿಗೆ ಚಮಚ ಸಾಕು. ಕೊಳಕು ದೊಡ್ಡಿಯಲ್ಲೇ ಈ ಪುಡಿಯ ಪವಾಡ ಹೆಚ್ಚು, ಚೊಕ್ಕ ದೊಡ್ಡಿಯಲ್ಲಿ ನಾಮಕಾವಸ್ತೆ. ಪೊರಕೆಗೆ ಬದಲಿ ಆಂಟಿಬಯಾಟಿಕ್! ಡೆನ್ಮಾರ್ಕಿನವರು 2000ದ ಹೊತ್ತಿಗೆ ಪುಡಿ ಬಿಟ್ಟು ಪೊರಕೆ ಹಿಡಿದರು. ಅವರ ಹಂದಿ ವ್ಯಾಪಾರವೇನೂ ಮುಳುಗಲಿಲ್ಲ.

ನಮ್ಮ ಕಾನೂನಿನ ಪ್ರಕಾರ ಮೆಡಿಕಲ್ ಶಾಪಿನಲ್ಲಿ ಆಂಟಿಬಯಾಟಿಕ್ ಕೊಳ್ಳಲು ಮನುಷ್ಯನಿಗೆ ಡಾಕ್ಟರ ಚೀಟಿ ಬೇಕು. ಮೇವಿನ ಚೀಲಕ್ಕೆ ಯಾರ ಚೀಟಿ? 2012ರಲ್ಲಿ ದೇಶದ ವೈದ್ಯರು ಸುಬ್ಬರಾವ್ ಓದಿದ ಚೆನ್ನೈಯಲ್ಲೇ ಕೂತು, ಆಂಟಿಬಯಾಟಿಕ್ ದುರ್ಬಳಕೆ ತಡೆಯಲು ‘ಚೆನ್ನೈ ಘೋಷಣೆ’ ಹೊರಡಿಸಿದರು. ಚಪ್ಪಾಳೆ ಬಿತ್ತು. ಐಸಿಯುನಲ್ಲಿ ಬೇರೆಲ್ಲ ಸೋತಾಗ ಕೈಗೆತ್ತಿಕೊಳ್ಳುವ ಕೊಲಿಸ್ಟಿನ್ ಆಗಲೂ ಮೇವಿನಲ್ಲಿತ್ತು. ಆ ಕೊಲಿಸ್ಟಿನ್ನನ್ನೇ ಸೋಲಿಸುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಕೈಬದಲಾಗುವ ಜೀನ್ 2015ರಲ್ಲಿ ಚೀನಾದ ಹಂದಿಗಳಲ್ಲಿ ಸಿಕ್ಕಿತು. ನಮ್ಮ ಸರ್ಕಾರ ಅವಸರ ಪಡಲಿಲ್ಲ. 2019ರ ಜುಲೈನಲ್ಲಿ ಪಶು ಬಳಕೆಯ ಕೊಲಿಸ್ಟಿನ್ನನ್ನು ನಿಷೇಧಿಸಿತು.

2025ರಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್‌ಗಳ ಸರದಿ. ಈ ವೇಗದಲ್ಲಿ ಹೋದರೆ ಉಳಿದ ಔಷಧಿಗಳ ಸರದಿ ಬರುವಷ್ಟರಲ್ಲಿ ಅವು ತಾವಾಗಿಯೇ ಕೆಲಸ ನಿಲ್ಲಿಸಿರುತ್ತವೆ; ಗೆಜೆಟ್ ಅಚ್ಚು ಹಾಕುವ ಖರ್ಚೂ ಉಳಿಯುತ್ತದೆ.