ಬೀರುವಿನ ಉಸ್ತುವಾರಿ

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪ್ರತ್ಯೇಕ ಗ್ರಂಥಪಾಲಕರ ಹುದ್ದೆ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಆ ಹೊಣೆ ಯಾರಾದರೊಬ್ಬ ಶಿಕ್ಷಕರ, ಬಹುಮಟ್ಟಿಗೆ ಕನ್ನಡ ಮೇಷ್ಟರ, ಹೆಗಲೇರುತ್ತದೆ. ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯ ಕಬ್ಬಿಣದ ಬೀರು, ಅದರ ಬೀಗದ ಕೈ, ಮತ್ತು ಸ್ಟಾಕ್ ಬುಕ್, ಅಂದರೆ ಪ್ರತಿ ಪುಸ್ತಕದ ಕ್ರಮಸಂಖ್ಯೆಯನ್ನೂ ಬೆಲೆಯನ್ನೂ ಬರೆದಿಟ್ಟ ದಪ್ಪ ವಹಿ, ಇವು ಮೂರೂ ಸೇರಿ ಶಾಲಾ ಗ್ರಂಥಾಲಯವೆನಿಸುತ್ತವೆ. ಇವುಗಳ ಅಧಿಪತಿಯಾದ ಉಸ್ತುವಾರಿ ಶಿಕ್ಷಕರು ವಾಚನಾಭಿರುಚಿಯ ಮಹಾ ಪ್ರತಿಪಾದಕರು. ಪ್ರಾರ್ಥನೆಯ ಹೊತ್ತಿಗೆ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಅವರು ಓದಿನ ಮಹಿಮೆಯನ್ನು ವರ್ಣಿಸುತ್ತಾರೆ, ಪ್ರಬಂಧ ಸ್ಪರ್ಧೆ ಏರ್ಪಡಿಸುತ್ತಾರೆ, ಮೊಬೈಲನ್ನು ಶಪಿಸುತ್ತಾರೆ. ಪುಸ್ತಕ ಕೊಡುವುದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಮಾಡುತ್ತಾರೆ.

ಇದನ್ನು ಜಿಪುಣತನವೆಂದರೆ ಅನ್ಯಾಯವಾದೀತು. ಕಳೆದ ಪುಸ್ತಕದ ಬೆಲೆ ಉಸ್ತುವಾರಿಯ ತಲೆಗೇ ಬರುತ್ತದೆಂಬ ಭಯ ಶಿಕ್ಷಕವರ್ಗದಲ್ಲಿ ಬೇರೂರಿದೆ. ಅವರು ಅಂಜುವ ಏಕೈಕ ವಿಮರ್ಶಕನೆಂದರೆ ಲೆಕ್ಕಪರಿಶೋಧಕ, ಆತ ಕೇಳುವುದು ಪುಸ್ತಕ ಇದೆಯೇ ಎಂದೇ ಹೊರತು ಯಾರಾದರೂ ಓದಿದರೇ ಎಂದಲ್ಲ. ಗ್ರಂಥಾಲಯ ವಿಜ್ಞಾನದ ಆಚಾರ್ಯ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳಿರುವುದು ಬಳಕೆಗೆ ಎಂಬುದು. ಅದನ್ನು ವಿವರಿಸುವಾಗ ಅವರು ಯುರೋಪಿನಲ್ಲಿ ಹಿಂದೆ ಪುಸ್ತಕಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದುದನ್ನು ನೆನೆಯುತ್ತಾರೆ. ಸರಪಳಿಯ ಪುಸ್ತಕವನ್ನು ಇದ್ದಲ್ಲೇ ಓದಬಹುದಿತ್ತಾದ್ದರಿಂದ ಬೀರು ಒಂದು ಹೆಜ್ಜೆ ಮುಂದೆ ಹೋಗಿದೆ ಎನ್ನಬೇಕು. ಉಸ್ತುವಾರಿಯವರಿಗೆ ಈ ಸೂತ್ರ ತಿಳಿಯದ್ದೇನಲ್ಲ. ಅದನ್ನು ದುಂಡಗೆ ಬರೆಸಿ ಬೀರುವಿನ ಬಾಗಿಲಿಗೇ, ಒಳಮೈಗೆ, ಅಂಟಿಸಿರುತ್ತಾರೆ.

ಸ್ವತಂತ್ರ ಓದು, ಅಂದರೆ ವಿದ್ಯಾರ್ಥಿ ತಾನೇ ಆರಿಸಿಕೊಂಡು, ಅಂಕದ ಆಸೆಯಿಲ್ಲದೆ, ಬೇಸರವಾದರೆ ಅರ್ಧಕ್ಕೇ ಬಿಡುವ ಹಕ್ಕಿಟ್ಟುಕೊಂಡು ಓದುವುದು, ಅವರ ಪಾಲಿಗೆ ಅಶಿಸ್ತಿನ ಇನ್ನೊಂದು ಹೆಸರು. ಹತ್ತನೆಯ ತರಗತಿಯವರಿಗಂತೂ 625 ಅಂಕಗಳ ಪರೀಕ್ಷೆ ಮುಗಿಯುವವರೆಗೆ ಕಥೆ, ಕಾದಂಬರಿ ಪಥ್ಯವಲ್ಲ. ಹಠ ಹಿಡಿದ ಒಂಬತ್ತನೆಯವರಿಗೆ ತೆಳ್ಳನೆಯ ಜೀವನಚರಿತ್ರೆಯೊಂದನ್ನು ಕೊಟ್ಟು, ಎರಡು ಪುಟ ಸಾರಾಂಶವನ್ನೂ ಐದು ನೀತಿಗಳನ್ನೂ ಬರೆದು ತರಲು ಹೇಳಲಾಗುತ್ತದೆ. ಎರಡನೆಯ ಪುಸ್ತಕ ಕೇಳಲು ಅವರು ಬರುವುದಿಲ್ಲ.

ಆದರೂ ಕೆಲವರು ಓದಿಬಿಡುತ್ತಾರೆ. ಹಾರುವ ಓತಿಯ ಬೆನ್ನು ಹತ್ತಿದ ತೇಜಸ್ವಿಯವರ ‘ಕರ್ವಾಲೊ’ ಹುಡುಗಿಯೊಬ್ಬಳ ಸಮಾಜ ವಿಜ್ಞಾನದ ಪಠ್ಯದೊಳಗೆ ಸಿಕ್ಕಿಬಿದ್ದರೆ ಉಸ್ತುವಾರಿಯವರು ಅದನ್ನು ವಶಪಡಿಸಿಕೊಂಡು ಬೀರುವಿನಲ್ಲಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದರ ಮೇಲಿನ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೊಹರು ಕಣ್ಣಿಗೆ ಬೀಳುತ್ತದೆ. ಸ್ಟಾಕು ಕಡಿಮೆಯಾದರಷ್ಟೇ ಅಲ್ಲ, ಹೆಚ್ಚಾದರೂ ಆಡಿಟ್ಟಿನವರು ಕೇಳುವರೆಂಬುದು ಹೊಳೆದು, ಸಂಜೆಯ ಗಂಟೆಗೆ ಮೊದಲೇ ಹುಡುಗಿಯನ್ನು ಕರೆಸಿ, ಸಹಿ ಹಾಕಿಸಿಕೊಂಡು, ಪುಸ್ತಕವನ್ನು ಅವಳ ಕೈಗಿಡುತ್ತಾರೆ. ಜೀವನಚರಿತ್ರೆಗಳನ್ನು ಬಿಟ್ಟರೆ ವಿತರಣಾ ವಹಿಯಲ್ಲಿ ಆ ವರ್ಷ ನಮೂದಾಗುವ ಏಕೈಕ ಪುಸ್ತಕ ಅದು.