ಕೇಳಿದವರಿಗೆ ತಕ್ಕ ಮೈಲೇಜ್

ಶೋರೂಮಿನ ಹುಡುಗ 20 ಎಂದಿದ್ದ. ಸ್ಟೀರಿಂಗ್ ಹಿಂದಿನ ಪರದೆ 14.6 ಎನ್ನುತ್ತದೆ. ಬಂಕಿನ ಬಿಲ್ಲು ಹಿಡಿದು ಭಾಗಾಕಾರ ಮಾಡಿದರೆ 13ಕ್ಕೆ ಬಂದು ನಿಲ್ಲುತ್ತದೆ. ನಮ್ಮ ಹೊಸ ಟರ್ಬೊ ಕಾರಿಗೆ ಹೀಗೆ ಮೂರು ಮೈಲೇಜುಗಳು. ನಾಲ್ಕನೆಯದು ನಾನು ಊರಿಗೆಲ್ಲ ಹೇಳುವ ಮೈಲೇಜು. ಅದು ಕೇಳುವವರನ್ನು ನೋಡಿಕೊಂಡು ಏರಿಳಿಯುತ್ತದೆ. ಮಾವನವರಿಗೆ 18, ಏಕೆಂದರೆ ಡೀಸೆಲ್ ಗಾಡಿ ತಗೊಳ್ಳಿ ಎಂದು ಬಡಿದುಕೊಂಡವರು ಅವರು. ಪಕ್ಕದ ಮನೆಯವರಿಗೆ 16. ಪೆಟ್ರೋಲ್ ಭತ್ಯೆಗೆ ಸಹಿ ಹಾಕುವ ಆಫೀಸಿನವರಿಗೆ ಮಾತ್ರ 11, ಅದೂ ನಿಟ್ಟುಸಿರಿನೊಂದಿಗೆ.

ಹೊಸ ಕಾರು ಮನೆ ಮುಂದೆ ನಿಂತರೆ ಏರ್‌ಬ್ಯಾಗ್ ಎಷ್ಟಿವೆ, ಬ್ರೇಕ್ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ನಿಂಬೆಹಣ್ಣು ಚಕ್ರದಡಿಯಲ್ಲಿ ಇನ್ನೂ ಹಸಿಯಾಗಿರುವಾಗಲೇ "ಎಷ್ಟು ಕೊಡುತ್ತೆ?" ಎಂಬ ಪ್ರಶ್ನೆ ಬರುತ್ತದೆ. ಇಡೀ ದೇಶದ ಈ ಚಪಲವನ್ನು ಮಾರುತಿಯವರು ಜಾಹೀರಾತನ್ನೇ ಮಾಡಿ ತೋರಿಸಿದ್ದರು.

ನ್ಯಾಯವಾಗಿ ಹೇಳಬೇಕೆಂದರೆ ಆ 20 ಸುಳ್ಳಲ್ಲ. ಪುಣೆಯ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸಿ, ನಿಂತಲ್ಲೇ ಓಡಿಸಿ ತೆಗೆಯುವ ಲೆಕ್ಕ ಅದು. ಪರೀಕ್ಷೆ 1180 ಸೆಕೆಂಡುಗಳದ್ದು, ಸುಮಾರು 10.6 ಕಿಲೋಮೀಟರ್ ಓಟ. ಗರಿಷ್ಠ ವೇಗ 90. ಎಸಿ ಇಲ್ಲ. ಗುಂಡಿಯಿಲ್ಲ, ಎಡಗಡೆಯಿಂದ ನುಗ್ಗುವ ಆಟೋ ಇಲ್ಲ, ಹಿಂದಿನ ಸೀಟಿನಲ್ಲಿ ಅತ್ತೆಯವರೂ ಅವರ ಉಪ್ಪಿನಕಾಯಿ ಜಾಡಿಯೂ ಇಲ್ಲ. ಅಷ್ಟು ದೂರವನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸುವ ಭಾಗ್ಯ ಬೆಂಗಳೂರಿನಲ್ಲಿ ನಡುರಾತ್ರಿ ಹೊರಟವರಿಗೆ ಸಿಕ್ಕೀತು. ನಾವು ಸಿಲ್ಕ್ ಬೋರ್ಡ್ ಬಳಿ ನಿಂತೇ ಇರುತ್ತೇವೆ. ಎಸಿ ಹಾಕಿಕೊಂಡು ನಿಂತ ಇಂಜಿನ್ ಗಂಟೆಗೆ ಮುಕ್ಕಾಲು ಲೀಟರಿನ ಆಸುಪಾಸು ಕುಡಿಯುತ್ತದೆ. ನಿಂತ ಗಾಡಿಯ ಮೈಲೇಜ್ ಸೊನ್ನೆ. ಪರದೆಗೆ ಮರ್ಯಾದೆ ಇರುವುದರಿಂದ ಅದು ಸರಾಸರಿ ತೋರಿಸಿ ಸುಮ್ಮನಿರುತ್ತದೆ.

ಇನ್ನು ಟರ್ಬೊ. ಒಂದು ಲೀಟರಿನ, ಮೂರು ಸಿಲಿಂಡರಿನ ಇಷ್ಟೇ ಇಷ್ಟು ಇಂಜಿನ್. ಇದನ್ನು ಚಿಕ್ಕದಾಗಿ ಮಾಡಿಸಿದ್ದರಲ್ಲಿ ತೆರಿಗೆಯವರ ಕೈಯೂ ಇದೆ: ಪೆಟ್ರೋಲ್ ಕಾರು 4 ಮೀಟರ್ ಉದ್ದ, 1200 ಸಿಸಿ ಒಳಗಿದ್ದರೆ ತೆರಿಗೆ ಕಡಿಮೆ. ಚಿಕ್ಕ ಇಂಜಿನ್ನಿಗೆ ದೊಡ್ಡ ಇಂಜಿನ್ನಿನ ಶಕ್ತಿ ಬರಬೇಕಾದರೆ ಗಾಳಿಯನ್ನು ಒತ್ತಿ ತುಂಬಬೇಕು. ಸೈಲೆನ್ಸರ್‌ನಲ್ಲಿ ಸುಮ್ಮನೆ ಪೋಲಾಗುವ ಬಿಸಿ ಹೊಗೆಯಿಂದಲೇ ಚಕ್ರ ತಿರುಗಿಸಿ ಈ ಕೆಲಸ ಮಾಡಿಸಬಹುದೆಂದು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಬಿಟ್ಟಿ ಹೊಗೆ, ಬಿಟ್ಟಿ ಗಾಳಿ ಎಂದು ನಾನು ಹಿಗ್ಗಿದ್ದೆ. ಆದರೆ 14.7 ಗ್ರಾಂ ಗಾಳಿಗೆ ಒಂದು ಗ್ರಾಂ ಪೆಟ್ರೋಲ್ ಎಂಬುದು ಇಂಜಿನ್ನಿನ ಸಾಮಾನ್ಯ ಪಾಕ. ಮದುವೆಮನೆಗೆ ಒಂದು ಬಸ್ಸು ನೆಂಟರು ಹೆಚ್ಚಿಗೆ ಬಂದಿಳಿದರೆ ಬಸ್ಸಿನ ಬಾಡಿಗೆ ಅವರದೇ ಇರಬಹುದು, ಅಕ್ಕಿ ನಮ್ಮದೇ ತಾನೆ? ಆಕ್ಸಿಲರೇಟರ್ ಜೋರಾಗಿ ಒತ್ತಿದಾಗಲಂತೂ, ಇಂಜಿನ್ ಕಾದು ಕೆಡದಿರಲಿ ಎಂದು, ಲೆಕ್ಕಕ್ಕಿಂತ ಕೊಂಚ ಹೆಚ್ಚೇ ಪೆಟ್ರೋಲ್ ಸುರಿಯುವುದೂ ಉಂಟು.

ಇದೇ ಕಾರಿನಲ್ಲಿ, ಇದೇ ರಸ್ತೆಯಲ್ಲಿ ನನ್ನಾಕೆಗೆ 16 ಸಿಗುತ್ತದೆ. ಆರ್‌ಪಿಎಂ 2000 ದಾಟದಂತೆ, ಮಲಗಿದ ಮಗುವನ್ನು ಎಬ್ಬಿಸದವಳ ಹಾಗೆ ಓಡಿಸುತ್ತಾಳೆ. ಟರ್ಬೊಗೆ ಲಕ್ಷ ಕೊಟ್ಟು, ಟರ್ಬೊ ಏಳದಂತೆ ಓಡಿಸುವುದು ಯಾವ ನ್ಯಾಯ ಎಂದು ಕೇಳಿದೆ. "ರೀ, ಫಿಕ್ಸೆಡ್ ಡೆಪಾಸಿಟ್ ಇಟ್ಟವರೆಲ್ಲ ದಿನಾ ಹೋಗಿ ಮುರಿಸ್ತಾರಾ?" ಎಂದಳು. ಅಂದಿನಿಂದ ನಾನು ಎಥೆನಾಲನ್ನು ಬೈಯುತ್ತಿದ್ದೇನೆ.

ಇಪ್ಪತ್ತು ಪರ್ಸೆಂಟ್ ಎಥೆನಾಲಿನ ಪೆಟ್ರೋಲ್ ಬಂದ ಮೇಲೆ ನನ್ನಂಥವರಿಗೆ ದೊಡ್ಡ ಆಸರೆಯಾಗಿದೆ. ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ ಎಂಬುದು ನಿಜ. ಅಂದಮೇಲೆ ಐದರಲ್ಲೊಂದು ಪಾಲು ಬೆರೆಸಿದರೆ ನಷ್ಟ ನೂರಕ್ಕೆ ಆರೇಳು. 20ರಲ್ಲಿ ಅದರ ಅಪರಾಧ ಒಂದೂವರೆ ಕಿಲೋಮೀಟರೂ ಆಗದು. ಉಳಿದದ್ದು ಎಲ್ಲಿ ಹೋಯಿತು ಎಂದು ಮನೆಯಲ್ಲಿ ಕೇಳುವವರಿದ್ದಾರೆ. ಹಾಗಾಗಿ ಈ ವಾದವನ್ನು ನಾನು ಆಫೀಸಿನ ಕ್ಯಾಂಟೀನಿನಲ್ಲಷ್ಟೇ ಮಂಡಿಸುತ್ತೇನೆ.

ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ತುಂಬಿಸಿ ಲೆಕ್ಕ ಹಾಕುವುದೊಂದೇ ನಂಬಬಹುದಾದ ಕ್ರಮ. ಗನ್ನು ಟಕ್ಕೆಂದು ತಾನಾಗಿ ನಿಂತ ಕ್ಷಣಕ್ಕೆ ಸರಿಯಾಗಿ ಬಂಕಿನ ಹುಡುಗ "ರೌಂಡ್ ಫಿಗರ್ ಮಾಡ್ಲಾ ಸಾರ್?" ಎನ್ನುತ್ತಾನೆ. ಗಣಿತ ಅಲ್ಲಿಗೆ ಮುಗಿಯಿತು.

ಹೈವೇ ಮೇಲೆ ಮಾತ್ರ ಗಾಡಿ ಸಂಭಾವಿತ. 80-90ರಲ್ಲಿ ಹೋದರೆ 18 ದಾಟುತ್ತದೆ. 90ರಿಂದ 120ಕ್ಕೆ ಏರಿಸಿದರೆ ಗಾಳಿಯ ತಡೆ ಮುಕ್ಕಾಲು ಪಾಲು ಹೆಚ್ಚುತ್ತದೆ. ಗಾಳಿ ಸೀಳುವ ಖರ್ಚು ಟ್ಯಾಂಕಿನಿಂದಲೇ ಹೋಗಬೇಕು. ನನ್ನ ಮೈಲೇಜಿಗಾಗಿ ಕಾರಿನ ಕಂಪನಿಗಿಂತ ಹೆಚ್ಚು ದುಡಿದಿರುವುದು ಮೈಸೂರು ರಸ್ತೆಯ ಕ್ಯಾಮೆರಾಗಳು.

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಗೇರಿನಲ್ಲಿಟ್ಟು ಕಾಲು ತೆಗೆದೆ. ಹಾಗೆ ಇಳಿಯುವಾಗ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಪರದೆಯಲ್ಲಿ ಆ ಕ್ಷಣದ ಮೈಲೇಜ್ 99.9! ಪಕ್ಕದಲ್ಲಿದ್ದ ಮಗನಿಂದ ಫೋಟೋ ತೆಗೆಸಿ ಫ್ಯಾಮಿಲಿ ಗ್ರೂಪಿಗೆ ಹಾಕಿಸಿದೆ. ಹೃದಯದ ಚಿಹ್ನೆಗಳು ಸಾಲಾಗಿ ಬಂದವು. ಮಾವನವರು ಹೆಬ್ಬೆರಳು ಎತ್ತಿದರು. ಹಳೇ ಡೀಸೆಲ್ ಗಾಡಿಯ ಒಡೆಯನಾದ ಅಕ್ಕನ ಗಂಡ ಮಾತ್ರ ಬರೆದ: "ಭೇಷ್. ವಾಪಸ್ ಘಾಟಿ ಹತ್ತೋವಾಗಲೂ ಒಂದು ಫೋಟೋ ಹಾಕಯ್ಯ."

ಹತ್ತುವಾಗ ಪರದೆ 6 ಎಂದು ತೋರಿಸುತ್ತಿತ್ತು. ಶಿರಾಡಿಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ, ಭಾವನಿಗೂ ಅದು ಗೊತ್ತಿರಬೇಕು.