ಗಂಡನೂ ಹೊಸಬ, ದೇಶವೂ ಹೊಸದು

ಮದುವೆಯಾಗಬೇಕು ಅನ್ನಿಸಿದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪಾದ್ರಿ ಮೊದಲು ಅರ್ಜಿ ಬರೆಯಬೇಕಿತ್ತು. ಹುಡುಗಿಗಲ್ಲ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಕೂತಿದ್ದ ಕಮಿಟಿಗೆ. ಮಿಶನ್ನಿನ ಕಾಯಿದೆ ಕಟ್ಟುನಿಟ್ಟು: ತರುಣ ಒಂಟಿಯಾಗಿ ಹೊರಡತಕ್ಕದ್ದು. ಎರಡು ವರ್ಷ ಪರದೇಶದಲ್ಲಿ ದುಡಿದು, ಭಾಷೆ ಕಲಿತು, ಜ್ವರ ಭೇದಿಗಳನ್ನು ದಾಟಿ ಜೀವಸಹಿತ ಉಳಿದಿದ್ದರೆ, ಆಮೇಲೆ ‘ನನಗೊಬ್ಬ ಸಹಧರ್ಮಿಣಿ ಬೇಕು’ ಎಂದು ವಿನಯದಿಂದ ಬರೆದುಕೊಳ್ಳಬಹುದು. ಜೀವಸಹಿತ ಉಳಿಯದವನಿಗೆ ಮದುವೆಯ ಖರ್ಚೂ ಉಳಿಯಿತು. ಕಮಿಟಿಯಲ್ಲಿದ್ದವರಲ್ಲಿ ಬಾಸೆಲಿನ ವರ್ತಕರೂ ಇದ್ದರು ಎಂಬುದನ್ನು ಇಲ್ಲಿ ಮರೆಯಬಾರದು.

ಅರ್ಜಿ ಮಂಜೂರಾದರೆ ಕಮಿಟಿ ನಮ್ಮ ಕಡೆಯ ಸೋದರಮಾವನಂತೆ ಹೆಗಲಿಗೆ ಶಾಲು ಹಾಕಿಕೊಂಡು ಹೆಣ್ಣು ಹುಡುಕಲು ಹೊರಡುತ್ತಿತ್ತು. ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಹಳ್ಳಿ ಪಾದ್ರಿಗಳಿಗೆ ಕಾಗದ ಹೋಗುತ್ತಿತ್ತು: ನಿಮ್ಮ ಸಭೆಯಲ್ಲಿ ದೈವಭಕ್ತೆ, ಗಟ್ಟಿಮುಟ್ಟು, ಹೊಲಿಗೆ ಅಡುಗೆ ಬಲ್ಲ ಹುಡುಗಿ ಯಾರಾದರೂ ಇದ್ದಾರೆಯೇ? ಜಾತಕ ಕೇಳುತ್ತಿರಲಿಲ್ಲ, ಗೋತ್ರ ಕೇಳುತ್ತಿರಲಿಲ್ಲ. ಕುಣಿತದ ಹುಚ್ಚು ಮಾತ್ರ ಇರಕೂಡದು. ಹುಡುಗಿಯ ಅಪ್ಪ ಅಮ್ಮ ಒಪ್ಪಿದರೆ ಅವಳು ಪೆಟ್ಟಿಗೆ ಕಟ್ಟಿ, ಹೆಚ್ಚಿನ ಸಲ ಮುಖವನ್ನೇ ನೋಡದ ಗಂಡನ್ನು ಹುಡುಕಿಕೊಂಡು ಅರ್ಧ ಭೂಮಿ ದಾಟುತ್ತಿದ್ದಳು. ವಧುಪರೀಕ್ಷೆ, ವರಪರೀಕ್ಷೆ ಎರಡೂ ಬಂದರಿನಲ್ಲೇ. ಮೆಚ್ಚದಿದ್ದರೆ ವಾಪಸು ಹೋಗುವ ಹಡಗು ಆ ಹೊತ್ತಿಗೆ ಲಂಗರು ಎತ್ತಿರುತ್ತಿತ್ತು. ಮದುವೆಯಾಗದ ಹೆಣ್ಣು ಗಂಡು ಒಂದೇ ಮಿಶನ್ ಮನೆಯಲ್ಲಿ ಇರುವಂತಿಲ್ಲವಾದ್ದರಿಂದ ದಿಬ್ಬಣಕ್ಕೆ ಬಹಳ ದಿನ ಕಾಯುವ ಪ್ರಶ್ನೆಯೂ ಇರಲಿಲ್ಲ.

ಹೀಗೆ ಬಂದವರಲ್ಲಿ ಒಬ್ಬಾಕೆ ಪೌಲೀನಾ ಬಾಕ್‌ಮೈಸ್ಟರ್. ಗಾಟ್‌ಫ್ರೀಡ್ ವೈಗ್ಲೆ ಎಂಬ ಪಾದ್ರಿಗೆ ವಧುವಾಗಿ 1840ರ ದಶಕದಲ್ಲಿ ಬಂದವರು. ವೈಗ್ಲೆ ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ಮುಳುಗಿದ್ದ ವಿದ್ವಾಂಸ. ಅವರ ಸೋದರಸಂಬಂಧಿಯೇ ‘ಮಂಗಳೂರ ಸಮಾಚಾರ’ದ ಹರ್ಮನ್ ಮೊಗ್ಲಿಂಗ್. ಈ ಮೊಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದವರು ಇಪ್ಪತ್ತು ವರ್ಷಗಳಷ್ಟು ಕಾಲ ಬ್ರಹ್ಮಚಾರಿಯಾಗಿಯೇ ಇದ್ದರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ್ದು, ಹಳಗನ್ನಡ ಕಾವ್ಯಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚುಹಾಕಿಸಿದ್ದು ಎಲ್ಲವೂ ಈ ಬ್ರಹ್ಮಚರ್ಯದ ಫಲ. ಕನ್ನಡ ಪತ್ರಿಕೋದ್ಯಮದ ಹುಟ್ಟಿಗೆ ಮನೆಯಲ್ಲಿ ‘ಸಾಮಾನು ತರಲಿಲ್ಲವೇ’ ಎಂದು ಕೇಳುವವರು ಇಲ್ಲದಿದ್ದುದೂ ಒಂದು ಕಾರಣವೆಂದು ಸಂಶೋಧಕರು ಯಾಕೆ ಬರೆದಿಲ್ಲವೋ. 1855ರಲ್ಲಿ ವೈಗ್ಲೆ ತೀರಿಕೊಂಡರು. ಮುಂದೆ ವಿಧವೆ ಪೌಲೀನಾ ಅವರನ್ನು ಮೊಗ್ಲಿಂಗರೇ ಮದುವೆಯಾದರು. ಈ ಸಲವಾದರೂ ವರನನ್ನು ಆಕೆ ಮೊದಲೇ ನೋಡಿದ್ದರು.

ಮಿಶನ್ನಿನಿಂದ ಮಂಗಳೂರಿಗೆ ಮೊದಲು ಬಂದ ಮೂವರು, ಅಂದರೆ ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರ ಅಕ್ಟೋಬರ್‌ನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಅದೇ ತಿಂಗಳ 30ಕ್ಕೆ ಮಂಗಳೂರು ಸೇರಿದರು. ಜಾಣರು, ಮಳೆ ಮುಗಿದ ಮೇಲೆ ಬಂದರು. ಆಗಿನ ಮಂಗಳೂರಿನ ಹಳೆ ಬಂದರಿಗೆ ದೊಡ್ಡ ಹಡಗು ಬರುವಂತಿರಲಿಲ್ಲ. ಅಳಿವೆಯ ಮರಳು ದಿಬ್ಬದಾಚೆ ಹಡಗು ನಿಲ್ಲಬೇಕು, ಜನರೂ ಪೆಟ್ಟಿಗೆಗಳೂ ದೋಣಿಗಿಳಿದು ಅಲೆಯ ಮೇಲೆ ತೇಲಿಕೊಂಡು ದಡ ಕಾಣಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಬಂದರು ಬಂದ್. ಜೂನ್ ತಿಂಗಳಲ್ಲಿ ‘ಅಮ್ಮನ ಮನೆಗೆ ಹೋಗುತ್ತೇನೆ’ ಎಂದು ಯಾವ ದೊರೆಸಾನಿಯೂ ಹೆದರಿಸುವಂತಿರಲಿಲ್ಲ.

ಆ ಮಳೆಯ ವಿಚಾರ. ವ್ಯುರ್ಟೆಂಬರ್ಗಿನ ಸ್ಟುಟ್‌ಗಾರ್ಟಿನಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್. ಮಂಗಳೂರಿನಲ್ಲಿ ಬೀಳುವುದು 3,500ಕ್ಕೂ ಮೇಲೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಜರ್ಮನಿಯಿಂದ ತಂದ ಉಣ್ಣೆಯ ಕರಿ ಕೋಟಿಗೆ ಹಸಿರು ಬೂಷ್ಟು, ಚರ್ಮದ ಪಾದರಕ್ಷೆಗೆ ಬಿಳಿ ಬೂಷ್ಟು, ಉಪ್ಪು ನೀರಾಗಿ ಹರಿದುಹೋಗುವುದು. ಮಳೆ ನಿಂತಿತೋ, ಗೆದ್ದಲು ಬಂತು. ಅದಕ್ಕೆ ಜರ್ಮನ್ ದೈವಶಾಸ್ತ್ರವೂ ಒಂದೇ, ತಾಳೆಗರಿಯೂ ಒಂದೇ, ರುಚಿಯಲ್ಲಿ ಭೇದವೆಣಿಸುವುದಿಲ್ಲ. ಬಟ್ಟೆ ಬೀರುವಿನ, ಮಂಚದ, ಮೇಜಿನ ಕಾಲುಗಳನ್ನೆಲ್ಲ ನೀರು ತುಂಬಿದ ಬಟ್ಟಲಿನಲ್ಲಿ ನಿಲ್ಲಿಸಿ ಇರುವೆಗಳಿಂದ ಕಾಪಾಡಬೇಕು. ಹುಲ್ಲಿನ ಮಾಡಿನಿಂದ ಹಾವೊಂದು ಕೆಳಗಿಳಿದರೆ ಅದಕ್ಕೆ ಕಮಿಟಿಯ ಕಾಯಿದೆಯಲ್ಲಿ ಕಲಮು ಇರಲಿಲ್ಲ.

ಮಂಗಳೂರು ಹಂಚಿನ ಕಥೆ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಛಾಪಖಾನೆಯ ಕೆಲಸಕ್ಕೆಂದು ಬಂದಿದ್ದ ಗಿಯಾರ್ಗ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ಜೇಡಿಮಣ್ಣು ಕೈಗೆಟುಕುವಷ್ಟು ಹತ್ತಿರದಲ್ಲಿ, ಹಂಚಿನ ಕಾರ್ಖಾನೆ ಶುರುಮಾಡಿದರು. ಮೊದಲಿಗೆ ಒಂದು ಜೊತೆ ಎತ್ತು, ಇಬ್ಬರು ಆಳು, ದಿನಕ್ಕೆ 560 ಹಂಚು. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟು ಇಟ್ಟು ಬೇಸತ್ತ ಯಾವುದೋ ಪಾದ್ರಿಣಿಯ ಗದರಿಕೆಗೆ ಹೆದರಿ ಹಂಚು ಹುಟ್ಟಿತು ಎಂದು ಬರೆಯಲು ಕೈ ತುರಿಸುತ್ತದೆ. ನಿಜ ಬೇರೆ: ಕ್ರೈಸ್ತರಾದ ಮೇಲೆ ಕುಲಕಸುಬು, ಜಮೀನು, ನೆಂಟರು ಎಲ್ಲ ಕೈಬಿಟ್ಟವರಿಗೆ ಕೂಲಿ ಬೇಕಿತ್ತು. ನೇಯ್ಗೆಯ ಕಾರ್ಖಾನೆ, ಹಂಚಿನ ಕಾರ್ಖಾನೆ ಹುಟ್ಟಿದ್ದು ಅದಕ್ಕೆ. ಆದರೂ ಆ ಹಂಚು ಮಿಶನ್ ಬಂಗಲೆಯ ಮಾಡಿಗೇರಿದ ದಿನ ಒಳಗಿದ್ದ ಹೆಂಗಸರು ದೇವರಿಗೆ ಒಂದು ಹೆಚ್ಚಿನ ಪ್ರಾರ್ಥನೆ ಸಲ್ಲಿಸಿರಬೇಕು.

ಅಡುಗೆಮನೆಗೆ ಬನ್ನಿ. ವ್ಯುರ್ಟೆಂಬರ್ಗಿನ ಭಕ್ತ ಮನೆತನದ ಹುಡುಗಿಗೆ ಕೆಲಸವೇ ಪ್ರಾರ್ಥನೆ. ನೆಲ ಉಜ್ಜುವುದು, ಬಟ್ಟೆ ಒಗೆಯುವುದು, ರೊಟ್ಟಿ ಸುಡುವುದು ಎಲ್ಲವನ್ನೂ ಸ್ವಂತ ಕೈಯಲ್ಲಿ ಮಾಡಿ ಬೆಳೆದವಳು. ಇಲ್ಲಿ ಬಂದು ನೋಡಿದರೆ ಬಟ್ಲರ, ಅವನ ಕೈಕೆಳಗೊಬ್ಬ, ನೀರು ಹೊರುವವನು, ಗುಡಿಸುವವಳು, ಮಡಿವಾಳ, ಮಗುವಿದ್ದರೆ ಆಯಾ. ಅಡುಗೆಯವನು ಪೊರಕೆ ಮುಟ್ಟುವುದಿಲ್ಲ, ಪೊರಕೆಯವಳು ಅಡುಗೆಮನೆಗೆ ಕಾಲಿಡುವುದಿಲ್ಲ, ಮಡಿವಾಳನ ಕೆಲಸಕ್ಕೆ ಮತ್ತೊಬ್ಬ ಕೈಹಾಕುವಂತಿಲ್ಲ. ಜಾತಿ ಬಿಡಿ ಎಂದು ಗಂಡ ಪೇಟೆಯ ಬೀದಿಯಲ್ಲಿ ನಿಂತು ಸಾರುತ್ತಿದ್ದರೆ, ಮನೆಯೊಳಗೆ ಹೆಂಡತಿ ಅದೇ ಜಾತಿಯ ಪಟ್ಟಿ ಹಿಡಿದುಕೊಂಡು ದಿನದ ಕೆಲಸ ಹಂಚುತ್ತಿದ್ದಳು. ಸ್ವತಃ ಪೊರಕೆ ಹಿಡಿದರೆ ಮನೆಯಾಳುಗಳು ಕಂಗಾಲು: ದೊರೆಸಾನಿಗೆ ಏನಾಯಿತು?

ಇನ್ನು ಬ್ರೆಡ್ಡು. ಜರ್ಮನರಿಗೆ ಬ್ರೆಡ್ಡಿಲ್ಲದೆ ಊಟ ಇಳಿಯದು. ಹಿಟ್ಟು ಉಬ್ಬಬೇಕಾದರೆ ಹುದುಗು ಬೇಕು, ಕರಾವಳಿಯಲ್ಲಿ ಹಿಟ್ಟು ಹುದುಗಿಸುತ್ತಿದ್ದುದು ಕಳ್ಳಿನಿಂದ. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಯ ಸಾಂಪ್ರದಾಯಿಕ ಸನ್ನ ಮೆತ್ತಗೆ ಉಬ್ಬುವುದೂ ಅದರ ಕೃಪೆಯಿಂದಲೇ. ಮದ್ಯಪಾನದ ವಿರುದ್ಧ ಗುಡುಗುವವರ ಊಟದ ಮೇಜಿಗೆ ಪ್ರತಿದಿನ ಮುಂಜಾನೆ ತಾಳೆಮರ ಇಳಿದು ಬರುತ್ತಿತ್ತು ಅನ್ನಿ. ದೇವರು ಇದನ್ನು ಲೆಕ್ಕಕ್ಕೆ ಹಿಡಿದಿರಲಾರ.

ಭಾಷೆಯಲ್ಲೂ ಗಂಡಹೆಂಡಿರ ದಾರಿ ಬೇರೆ ಬೇರೆ. ಗಂಡನಿಗೆ ಮುನ್ಷಿ ಬಂದು ವ್ಯಾಕರಣ, ಷಟ್ಪದಿ ಹೇಳಿಕೊಡುತ್ತಿದ್ದ. ಹೆಂಡತಿಗೆ ಮೀನಿನವಳೇ ಮುನ್ಷಿ. ಮಂಗಳೂರಿನಲ್ಲಿ ಚರ್ಚಿಗೆ ಕನ್ನಡ, ಪೇಟೆಗೆ ತುಳು, ಅಂಗಡಿ ಬಾಗಿಲಲ್ಲಿ ಕೊಂಕಣಿ, ಕಲೆಕ್ಟರ್ ಸಾಹೇಬರ ಎದುರು ಇಂಗ್ಲಿಷು, ಮಲಗುವ ಕೋಣೆಯಲ್ಲಿ ಮಾತ್ರ ಜರ್ಮನ್. ಜೈಮಿನಿ ಭಾರತದ ಶ್ಲೇಷೆ ಬಿಡಿಸಬಲ್ಲ ಪಂಡಿತ ಪಾದ್ರಿ ಬಂಗುಡೆಯ ಬೆಲೆ ಇಳಿಸಲಾರ. ಇದನ್ನು ಮೊದಲು ಅರಿತವರು ಗ್ರೈನರ್ ಮತ್ತು ಇನ್ನೊಬ್ಬ ಪಾದ್ರಿ ಅಮ್ಮನ್ ಅನ್ನಬೇಕು. ಕನ್ನಡವೊಂದೇ ಸಾಲದು ಎಂದು ತುಳುವಿಗೆ ಕೈಹಾಕಿ, ಕನ್ನಡ ಲಿಪಿಯಲ್ಲಿ ತುಳು ಹೊಸ ಒಡಂಬಡಿಕೆಯನ್ನು 1847ರ ಹೊತ್ತಿಗೆ ಅಚ್ಚಿಗೆ ತಂದರು. ಗ್ರೈನರರ ಮನೆಯಾಕೆ 1840ರ ದಶಕದ ಆರಂಭದಲ್ಲೇ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಶಾಲೆ ನಡೆಸಿದರು. ಅಕ್ಷರದ ಜೊತೆಗೆ ಸೂಜಿ ದಾರವೂ ಇರುತ್ತಿತ್ತು. ವರದಿಗಳಲ್ಲಿ ಇಂಥವರ ಹೆಸರು ‘ಗ್ರೈನರರ ಪತ್ನಿ’ ಎಂದೇ ಬರುವುದು ಆ ಕಾಲದ ರೂಢಿ, ಮೆಚ್ಚುವಂಥದ್ದಲ್ಲ.

ವರದಿ ಎಂದಾಗ ನೆನಪಾಯಿತು. ಮೂರು ತಿಂಗಳಿಗೊಮ್ಮೆ ಬಾಸೆಲಿಗೆ ವರದಿ ಹೋಗಬೇಕು. ಆಫ್ರಿಕದ ತುದಿ ಬಳಸಿ ಹೋಗುವ ಹಡಗಿನ ಕಾಲದಲ್ಲಿ ಕಾಗದ ಮುಟ್ಟಲು ತಿಂಗಳುಗಟ್ಟಲೆ, ಉತ್ತರಕ್ಕೆ ಮತ್ತಷ್ಟೇ ತಿಂಗಳು. ಸೂಯೆಜ್ ಭೂಮಾರ್ಗದ ಟಪಾಲು ಬಂದ ಮೇಲೂ ಅವಸರದ ಪ್ರಶ್ನೆಗೆ ಅವಸರದ ಉತ್ತರ ದೊರೆಯುತ್ತಿರಲಿಲ್ಲ. ಕುದುರೆ ಕೊಳ್ಳಬಹುದೇ ಎಂದು ಕೇಳಿದವನಿಗೆ ಅಪ್ಪಣೆ ಬರುವಷ್ಟರಲ್ಲಿ ಮಾರಾಟಗಾರ ಕುದುರೆಯನ್ನು ಬೇರೆಯವರಿಗೆ ಕೊಟ್ಟು, ಆ ದುಡ್ಡಿನಲ್ಲಿ ಮಗಳ ಮದುವೆ ಮುಗಿಸಿರುತ್ತಿದ್ದ.

ಈ ದೊರೆಸಾನಿಯರ ಸಾಲಿನಲ್ಲಿ ಒಬ್ಬಾಕೆಯ ಕಥೆ ಮಾತ್ರ ತಿರುವುಮುರುವು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲಿಗೆ ಹೋಗಿ ಓದಿ ಪಾದ್ರಿಯಾಗಿ ಊರಿಗೆ ಮರಳಿದ್ದರು. ಮೊದಲ ಪತ್ನಿ ತೀರಿಕೊಂಡ ಮೇಲೆ 1860ರಲ್ಲಿ ಅವರನ್ನು ಮದುವೆಯಾದದ್ದು ಮಾರಿ ರೈನ್‌ಹಾರ್ಟ್ ಎಂಬ ಜರ್ಮನ್ ಹುಡುಗಿ. ಉಳಿದ ಪಾದ್ರಿಣಿಯರ ಗಂಡಂದಿರೂ ಇಲ್ಲಿ ಪರದೇಶಿಗಳು, ಮಳೆ ಬಂದರೆ ಇಬ್ಬರೂ ಸೇರಿ ನರಳಬಹುದು. ಮಾರಿಯ ಗಂಡನಿಗೆ ಇದು ಹುಟ್ಟಿದೂರು. ‘ಕುಚ್ಚಲಕ್ಕಿ ಗಂಜಿ ಸೇರುವುದಿಲ್ಲ’ ಎಂದರೆ ಆತನಿಗೆ ಅರ್ಥವಾಗುವ ದೂರೇ ಅಲ್ಲ. ಕೌಂಡಿನ್ಯರು ಕೊನೆಗಾಲ ಕಳೆದದ್ದು ಮೊಗ್ಲಿಂಗರು ಕೊಡಗಿನಲ್ಲಿ ನೆಲೆಮಾಡಿದ ಆನಂದಪುರದಲ್ಲಿ.

ನಗು ಇಲ್ಲಿಯತನಕ. ಮಕ್ಕಳ ವಿಷಯಕ್ಕೆ ಬಂದರೆ ಕಮಿಟಿಯ ಮೇಲೆ ಸಿಟ್ಟು ಬರುತ್ತದೆ. ಮಿಶನ್ನಿನ ಮುಖ್ಯಸ್ಥ ಯೋಸೆನ್‌ಹಾನ್ಸ್ 1851-52ರಲ್ಲಿ ಇಲ್ಲಿಗೇ ಬಂದು ಎಲ್ಲವನ್ನೂ ಕಣ್ಣಾರೆ ನೋಡಿಕೊಂಡು ಹೋದರು. 1853ರಲ್ಲಿ ಕಾಯಿದೆ ಬಂತು: ಪಾದ್ರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಯುರೋಪಿಗೆ ಮರಳಬೇಕು. ಅವರಿಗಾಗಿ ಬಾಸೆಲಿನಲ್ಲಿ ಮಕ್ಕಳ ಮನೆ ತೆರೆದರು. ಆಯಾಳ ಸೊಂಟದ ಮೇಲೆ ಕೂತು ತುಳುವಿನಲ್ಲೋ ಕನ್ನಡದಲ್ಲೋ ರಚ್ಚೆ ಹಿಡಿದು ಬೆಳೆದ ಆರು ವರ್ಷದ ಕೂಸನ್ನು ಹಡಗು ಹತ್ತಿಸುವುದು, ಮುಂದಿನ ಹತ್ತಾರು ವರ್ಷ ಕಾಗದದಲ್ಲಿ ಮುದ್ದು ಮಾಡುವುದು. ಹೊಸ ದೇಶಕ್ಕೆ ಒಗ್ಗಿಕೊಳ್ಳುವ ಕಷ್ಟವನ್ನು ಅಪ್ಪ ಅಮ್ಮ ಮುಗಿಸುವಷ್ಟರಲ್ಲಿ ಮಕ್ಕಳು ಅದನ್ನು ಇನ್ನೊಂದು ತುದಿಯಿಂದ ಆರಂಭಿಸುತ್ತಿದ್ದರು.

ಈ ಕಾಯಿದೆಗೆ ಮುಂಚೆಯೇ ಆ ಪಾಡು ಪಟ್ಟವಳು ಮಾರಿ ಗುಂಡರ್ಟ್. ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಮತ್ತು ಜೂಲಿ ದುಬೋವಾ ದಂಪತಿಗಳ ಮಗಳು, 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಎಳವೆಯಲ್ಲೇ ಯುರೋಪಿನಲ್ಲಿ ಉಳಿದುಕೊಂಡವಳು. 1857ರಲ್ಲಿ ಹದಿನೈದರ ಹುಡುಗಿ ತಾಯ್ತಂದೆಯರ ಬಳಿಗೆ ಹಡಗಿನಲ್ಲಿ ಬಂದಳು, ಬರುವಾಗ ದಾರಿಯಲ್ಲೇ ಒಬ್ಬ ಇಂಗ್ಲಿಷ್ ತರುಣನಿಗೆ ಮನಸೋತಳು. ಕಮಿಟಿ ಇಲ್ಲ, ಅರ್ಜಿ ಇಲ್ಲ! ಆತ ಬರೆದ ಕಾಗದಗಳು ಅವಳ ಕೈ ಸೇರದಂತೆ ಮನೆಯವರು ನೋಡಿಕೊಂಡರು. ಮುಂದೆ ಆಕೆ ಒಬ್ಬ ಮಿಶನರಿಯನ್ನು ಮದುವೆಯಾಗಿ, ವಿಧವೆಯಾಗಿ, ಆಮೇಲೆ ಮಂಗಳೂರಿನಲ್ಲಿ ಕೆಲಸ ಮಾಡಿ ಆರೋಗ್ಯ ಕೆಟ್ಟು ಹಿಂದಿರುಗಿದ್ದ ಯೋಹಾನ್ನೆಸ್ ಹೆಸ್ಸೆಯನ್ನು 1874ರಲ್ಲಿ ವರಿಸಿದಳು. ಅವರ ಮಗ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ. 1911ರಲ್ಲಿ ಆತ ಪೂರ್ವ ದೇಶಗಳ ಪ್ರವಾಸಕ್ಕೆ ಹೊರಟು ಸಿಲೋನು, ಸುಮಾತ್ರ ನೋಡಿದ, ಅಮ್ಮ ಹುಟ್ಟಿದ ಮಲಬಾರಿಗೆ ಬರಲೇ ಇಲ್ಲ.

ಕಿಟೆಲರ ಹೆಸರಿಲ್ಲದೆ ಈ ಮಾತು ಮುಗಿಸಿದರೆ ಓದುಗರು ಬಿಡಲಾರರು. 1860ರಲ್ಲಿ ಅವರು ಮದುವೆಯಾದ ಪೌಲೀನಾ ಐತ್ 1864ರಲ್ಲೇ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿ ಕಿಟೆಲರ ಕೈ ಹಿಡಿದರು. ಅಕ್ಕ ಮಣ್ಣಾದ ನೆಲಕ್ಕೆ ತಿಳಿದೂ ತಿಳಿದೂ ಬರಲು ಎಷ್ಟು ಗಟ್ಟಿ ಎದೆ ಬೇಕು! 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದ, ಸುಮಾರು 70,000 ಪದಗಳ ಕಿಟೆಲರ ಕನ್ನಡ ನಿಘಂಟಿನ ಮೇಲೆ ನಾವು ಗೌರವದಿಂದ ಕೈಯಿಡುತ್ತೇವೆ. ಅಷ್ಟು ಚೀಟಿಗಳನ್ನು ಮಳೆಗಾಲ, ಗೆದ್ದಲು ಮತ್ತು ಮಕ್ಕಳಿಂದ ಕಾಪಾಡಿಕೊಳ್ಳಬೇಕಾದ ಮನೆಯೊಂದು ಅದರ ಹಿಂದೆ ಇತ್ತು ಎಂಬುದು ಮುಖಪುಟದಲ್ಲಿ ಕಾಣುವುದಿಲ್ಲ.

ಪಾದ್ರಿಗಳ ಪತ್ರಿಕೆ, ನಿಘಂಟು, ವ್ಯಾಕರಣದ ಮೇಲೆ ನಮ್ಮಲ್ಲಿ ಬೇಕಾದಷ್ಟು ಪುಸ್ತಕಗಳು ಬಂದಿವೆ. ಅವರ ಹೆಂಡಂದಿರು ತವರಿಗೆ ಬರೆದ ಕಾಗದಗಳು ಕನ್ನಡಕ್ಕೆ ಬಂದದ್ದು ತೀರಾ ಕಡಿಮೆ. ಬಾಸೆಲಿನ ಮಿಶನ್ ದಫ್ತರಖಾನೆಯಲ್ಲಿ ಹಳೆಯ ಜರ್ಮನ್ ಕೈಬರಹದಲ್ಲಿ ಮಿಶನ್ ಸಂಸಾರಗಳ ಕಾಗದಪತ್ರಗಳಿವೆ, ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿನಲ್ಲೂ ಮಿಶನ್ ಕಾಲದ ದಾಖಲೆಗಳ ಸಂಗ್ರಹವಿದೆ. ಜರ್ಮನ್ ಕಲಿಯುತ್ತಿರುವ ಕನ್ನಡದ ಹುಡುಗ ಹುಡುಗಿಯರು ಯಾರಾದರೂ ಅತ್ತ ಹೋಗಿ ಆ ಹಸ್ತಾಕ್ಷರ ಓದುವುದನ್ನು ಕಲಿತು, ಒಂದಿಷ್ಟನ್ನಾದರೂ ನಮಗೆ ಕನ್ನಡದಲ್ಲಿ ಕೊಡಿ.